ಮೂರೇ ವರ್ಷ ಬಾಳಿದ ಬೆಂಗಳೂರು ಓಪನ್

ವೀನಸ್ ಮತ್ತು ಸೆರೆನಾ ವಿಲಿಯಮ್ಸ್ ನಮ್ಮ ಕಬ್ಬನ್ ಪಾರ್ಕಿನಲ್ಲಿ ಎದುರುಬದುರಾಗಿ ಆಡಿದ್ದಾರೆ ಎಂದರೆ ನನ್ನ ಹತ್ತಿರ ಟೆನಿಸ್ ಕಲಿಯಲು ಬರುವ ಹುಡುಗಿಯರು ನಂಬುವುದೇ ಇಲ್ಲ. 2008ರ ಮಾರ್ಚ್, ಬೆಂಗಳೂರು ಓಪನ್ ಸೆಮಿಫೈನಲ್. ಮೊದಲ ಸೆಟ್ ತಂಗಿ ಸೆರೆನಾಗೆ 6-3, ಎರಡನೆಯದು ಅಕ್ಕ ವೀನಸ್‌ಗೆ 6-3. ಮೂರನೆಯದರಲ್ಲಿ ಮ್ಯಾಚ್ ಪಾಯಿಂಟ್ ಉಳಿಸಿಕೊಂಡ ಸೆರೆನಾ ಟೈಬ್ರೇಕರ್‌ನಲ್ಲಿ ಗೆದ್ದರು. ಫೈನಲ್‌ನಲ್ಲಿ ಪ್ಯಾಟಿ ಷ್ನೈಡರ್ ಅವರನ್ನು 7-5, 6-3ರಿಂದ ಸೋಲಿಸಿದರು. ಇಲ್ಲಿಂದ ಹೋಗಿ ಮಯಾಮಿ, ಚಾರ್ಲ್‌ಸ್ಟನ್ ಎರಡನ್ನೂ ಗೆದ್ದುಕೊಂಡರು. ಅದೇ ಜುಲೈನಲ್ಲಿ ವಿಂಬಲ್ಡನ್ ಫೈನಲ್ ಆಡಿದ್ದೂ ಇದೇ ಅಕ್ಕತಂಗಿಯರು.

ಈ ಟೂರ್ನಿ ಹುಟ್ಟಿದ್ದು ಇಲ್ಲಲ್ಲ, 2003ರಲ್ಲಿ ಹೈದರಾಬಾದಿನಲ್ಲಿ. 2005ರಲ್ಲಿ ಅಲ್ಲಿಯ ಹುಡುಗಿ, 18ರ ಸಾನಿಯಾ ಮಿರ್ಜಾ, ಅಲ್ಯೋನಾ ಬೊಂಡಾರೆಂಕೊ ಅವರನ್ನು ಮಣಿಸಿ ಡಬ್ಲ್ಯುಟಿಎ (ಮಹಿಳಾ ಟೆನಿಸ್ ಸಂಘ) ಸಿಂಗಲ್ಸ್ ಪ್ರಶಸ್ತಿ ಗೆದ್ದ ಮೊದಲ ಭಾರತೀಯಳಾದಳು. ಮರುವರ್ಷ ಟೂರ್ನಿ ಬೆಂಗಳೂರಿಗೆ ಬಂತು. 2006ರಲ್ಲಿ ಇಟಲಿಯ ಮಾರಾ ಸಾಂತಾಂಜೆಲೊ ಗೆದ್ದರು. ಡಬಲ್ಸ್ ಸಾನಿಯಾ ಮತ್ತು ಲೀಸೆಲ್ ಹ್ಯೂಬರ್ ಪಾಲಾಯಿತು. 2007ರಲ್ಲಿ ಸಾಂತಾಂಜೆಲೊ ಅವರನ್ನೇ ಸೋಲಿಸಿದ 19ರ ಯಾರೊಸ್ಲಾವಾ ಶ್ವೆದೊವಾ ನನಗೆ ಅಚ್ಚುಮೆಚ್ಚು. ಮುಂದೆ 2012ರ ವಿಂಬಲ್ಡನ್‌ನಲ್ಲಿ ಒಂದೂ ಪಾಯಿಂಟ್ ಬಿಡದೆ ಸತತ 24 ಪಾಯಿಂಟ್ ಗಳಿಸಿ ಸೆಟ್ ಗೆದ್ದವರು ಅವರೇ. ಅವರ ಏಕೈಕ ಡಬ್ಲ್ಯುಟಿಎ ಸಿಂಗಲ್ಸ್ ಪ್ರಶಸ್ತಿ ಬೆಂಗಳೂರಿನದು.

2008ರಲ್ಲಿ ಟೂರ್ನಿ ಮೂರನೇ ಶ್ರೇಣಿಯಿಂದ ಎರಡನೆಯದಕ್ಕೆ ಏರಿತು. ಬಹುಮಾನ ಆರು ಲಕ್ಷ ಡಾಲರ್. ವಿಲಿಯಮ್ಸ್ ಸೋದರಿಯರು ಬಂದದ್ದು ಹಾಗೆ. ವಿವಾದಗಳಿಂದ ನೊಂದಿದ್ದ ಸಾನಿಯಾ ಮಾತ್ರ ಆ ಸಲ ದೂರ ಉಳಿದರು. 2009ಕ್ಕೆ ಡಬ್ಲ್ಯುಟಿಎ ಹಳೆಯ ಶ್ರೇಣಿಗಳನ್ನೇ ಕೈಬಿಟ್ಟು ವೇಳಾಪಟ್ಟಿಯನ್ನು ಹೊಸದಾಗಿ ಹೆಣೆಯಿತು. ಅದರಲ್ಲಿ ಬೆಂಗಳೂರು ಇರಲಿಲ್ಲ.

ದೊಡ್ಡ ಹೆಸರುಗಳನ್ನು ಟಿ.ವಿ.ಯಲ್ಲೂ ನೋಡಬಹುದು. ನನ್ನನ್ನು ಕಾಡುವುದು ಟೂರ್ನಿಯೊಂದಿಗೇ ಕೈತಪ್ಪಿದ ವೈಲ್ಡ್ ಕಾರ್ಡ್. ರ‍್ಯಾಂಕಿಂಗ್ ಸಾಲದ ಕೆಲವರಿಗೆ ಮುಖ್ಯ ಸುತ್ತಿನಲ್ಲಿ ನೇರವಾಗಿ ಆಡುವ ಅವಕಾಶವನ್ನು ಆಯೋಜಕರು ಕೊಡಬಹುದು, ಸಾಮಾನ್ಯವಾಗಿ ಅದು ತಮ್ಮ ದೇಶದವರಿಗೇ ಸಿಗುತ್ತದೆ. ವೀಸಾ, ವಿಮಾನ, ಹೋಟೆಲಿನ ಖರ್ಚಿಲ್ಲದೆ ಒಬ್ಬ ಹುಡುಗಿ ವಿಶ್ವದ ಐವತ್ತರೊಳಗಿನವರ ಸರ್ವಿಸ್ ಎದುರಿಸಿ ನೋಡಬಹುದು. ಗೆದ್ದರೆ ರ‍್ಯಾಂಕಿಂಗ್ ಅಂಕ, ಸೋತರೂ ಕೈಗೆ ದುಡ್ಡು. ಇದಿಲ್ಲದಿದ್ದರೆ ಸಣ್ಣಪುಟ್ಟ ಟೂರ್ನಿಗಳಿಗಾಗಿ ದೇಶದೇಶ ಅಲೆಯಬೇಕು. ಆ ಖರ್ಚು ಹೊರಲಾರದೆ ಎಷ್ಟು ಮನೆಗಳಲ್ಲಿ ರ‍್ಯಾಕೆಟ್ ಅಟ್ಟ ಸೇರುತ್ತದೆಂದು ಕಣ್ಣಾರೆ ಕಂಡಿದ್ದೇನೆ.

ಡಬ್ಲ್ಯುಟಿಎ ಮುಖ್ಯ ಸರಣಿಯ ಟೂರ್ನಿ ಭಾರತಕ್ಕೆ ಮರಳಿದ್ದು 2022ರ ಸೆಪ್ಟೆಂಬರಿನಲ್ಲಿ, ಚೆನ್ನೈಗೆ. ಅಲ್ಲಿ ವೈಲ್ಡ್ ಕಾರ್ಡ್ ಪಡೆದ ಕರ್ಮನ್ ಕೌರ್ ಥಾಂಡಿ ಮೊದಲ ಸುತ್ತಿನಲ್ಲೇ ಎಂಟನೇ ಶ್ರೇಯಾಂಕದ ಕ್ಲೊಯಿ ಪಾಕೆ ಅವರನ್ನು ಸೋಲಿಸಿದರು.