ಮೂರು ಲಾಳಿಯ ಊರು ಮೊಳಕಾಲ್ಮೂರು

ಬಳ್ಳಾರಿಯಿಂದ ಚಳ್ಳಕೆರೆಗೆ ಬರುವ ಹೆದ್ದಾರಿಯನ್ನು ಹಾನಗಲ್ ಬಳಿ ಬಿಟ್ಟು ಪೂರ್ವಕ್ಕೆ ಹೊರಳಿದರೆ ಮೊಳಕಾಲ್ಮೂರು. ಸುತ್ತ ಬಂಡೆಗಲ್ಲಿನ ಗುಡ್ಡಗಳು, ಗುಡ್ಡದ ಮೇಲೆ ಪಾಳೆಯಗಾರರ ಕಾಲದ ಕೋಟೆ, ಕೆಳಗೆ ಊರು. ಚಿತ್ರದುರ್ಗ ಜಿಲ್ಲೆಯ ಈ ತುದಿಯಲ್ಲಿ ಮುಂಗಾರು ಕೈಕೊಡುತ್ತದೆ, ಹಿಂಗಾರನ್ನೂ ನೆಚ್ಚುವಂತಿಲ್ಲ. ಶೇಂಗಾ ಬಿತ್ತಿ ಮುಗಿಲು ನೋಡುವ ರೈತರ ಸೀಮೆ. ಬರದ ತಾಲ್ಲೂಕು ಎಂದು ನಾವು ಪತ್ರಿಕೆಯವರು ಬರೆದು ಬರೆದು ಆ ಮಾತು ಊರಿನ ಹೆಸರಿಗೇ ಅಂಟಿಕೊಂಡಿದೆ. ಮಾತು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ಊರಿಗೆ ಅನ್ಯಾಯವಾಗುತ್ತದೆ. ಮಳೆ ಕೊಡದ್ದನ್ನು ಕೈಕಸುಬಿನಿಂದ ಸಂಪಾದಿಸಿಕೊಂಡ ಊರು ಇದು.

ಪಕ್ಕದಲ್ಲೇ ಆಂಧ್ರದ ರಾಯದುರ್ಗ. ಮೈಸೂರು ಸಂಸ್ಥಾನದ ಕಾಲದಲ್ಲಿ ಮೊಳಕಾಲ್ಮೂರು ರಾಜ್ಯದ ಉತ್ತರ ಗಡಿ; ಆಚೆಗಿನ ಬಳ್ಳಾರಿ, ರಾಯದುರ್ಗ ಎರಡೂ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರಿಗೆ ಬಂತು, ರಾಯದುರ್ಗ ಆಂಧ್ರಕ್ಕೆ ಹೋಯಿತು. ಗಡಿ ಬದಲಾದರೂ ಸಂತೆ, ವ್ಯಾಪಾರ, ಬೀಗತನ ಹಾಗೇ ಉಳಿದವು. ಇಲ್ಲಿ ಕನ್ನಡದಲ್ಲಿ ಶುರುವಾದ ಚೌಕಾಸಿ ತೆಲುಗಿನಲ್ಲಿ ಮುಗಿದರೆ ಯಾರೂ ತಿರುಗಿ ನೋಡುವುದಿಲ್ಲ. ಊರ ಬೆಟ್ಟದ ದೇವರು ನುಂಕೆಮಲೆ ಸಿದ್ದೇಶ್ವರ. ನುಂಕಪ್ಪ ಎಂದು ಹೆಸರಿಟ್ಟುಕೊಂಡವರು ಈ ಭಾಗದಲ್ಲಿ ಸಿಗುತ್ತಲೇ ಇರುತ್ತಾರೆ. ಹಟ್ಟಿಗಳಲ್ಲಿ ಮ್ಯಾಸ ನಾಯಕರು ದೇವರ ಎತ್ತುಗಳನ್ನು ಇಂದಿಗೂ ಸಾಕುತ್ತಾರೆ. ಮೇವಿಲ್ಲದ ವರ್ಷಗಳಲ್ಲಿ ಅವನ್ನು ಉಳಿಸಿಕೊಳ್ಳುವುದೇ ಒಂದು ತಪಸ್ಸು.

ಈ ಪಟ್ಟಣಕ್ಕಿಂತ ಬಹಳ ಹಳೆಯ ಪಟ್ಟಣವೊಂದು ಇದೇ ತಾಲ್ಲೂಕಿನಲ್ಲಿತ್ತು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರೂ ಕಡೆಯ ಅಶೋಕನ ಶಾಸನಗಳನ್ನು ಬಿ.ಎಲ್. ರೈಸ್ 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯ ಆರ್ಯಪುತ್ರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಆ ಹಳೆಯ ಪಟ್ಟಣವಾದ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ತಂದೆತಾಯಿಯ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆ ಇರಬೇಕು, ಸತ್ಯ ನುಡಿಯಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು ಎಂದು ಹೇಳುತ್ತದೆ. ಬ್ರಾಹ್ಮಿಯಲ್ಲಿ ಬರೆದ ಚಪಡನೆಂಬ ಲಿಪಿಕಾರ ಕೊನೆಯಲ್ಲಿ ತನ್ನ ಕಸುಬಿನ ಹೆಸರನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಕೊರೆದಿದ್ದಾನೆ. ದೊರೆಯ ಆಜ್ಞೆಯ ಕೆಳಗೆ ಒಬ್ಬ ಕೆಲಸಗಾರನ ಹೆಸರು ಉಳಿದಿರುವುದು ನನಗೆ ಆ ಶಾಸನದಷ್ಟೇ ದೊಡ್ಡ ಸಂಗತಿ. 1947ರಲ್ಲಿ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯನ್ನು ಅಗೆದಾಗ ಕಲ್ಲುಕೊಡಲಿಯ ಕಾಲದಿಂದ ಶಾತವಾಹನರ ಕಾಲದವರೆಗಿನ ಬದುಕು ಪದರಪದರವಾಗಿ ಸಿಕ್ಕಿತು.

ಇಂದಿನ ಊರಿನ ಹೆಸರು ಹೊರಗೆ ಹೋಗಿರುವುದು ಸೀರೆಯಿಂದ. ಕೊಂಡ್ಲಹಳ್ಳಿಯಂಥ ಸುತ್ತಲಿನ ಊರುಗಳಲ್ಲೂ ಮಗ್ಗಗಳಿವೆ. ಇಲ್ಲಿನ ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿನ ಬಣ್ಣ ಒಂದಾದರೆ ಅಂಚಿನ ಬಣ್ಣ ಇನ್ನೊಂದು, ಒಂದರ ನೆರಳು ಇನ್ನೊಂದರ ಮೇಲೆ ಬೀಳುವುದಿಲ್ಲ. ಒಡಲಿನ ಹೊಕ್ಕು ಅಂಚಿನೊಳಗೆ ನುಗ್ಗದಂತೆ ಮೂರು ಲಾಳಿ ಇಟ್ಟು ನೇಯುತ್ತಾರೆ: ಒಡಲಿಗೊಂದು, ಎರಡು ಅಂಚಿಗೆ ಒಂದೊಂದು. ಕುಣಿ ಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತ ನೇಕಾರ ಕಾಲುಮಣೆ ತುಳಿದು ಒಡಲಿನ ಲಾಳಿ ಓಡಿಸಿದ ಕ್ಷಣಕ್ಕೆ, ಪಕ್ಕದಲ್ಲಿ ಕೂತವರು ಅಂಚಿನ ಲಾಳಿಯನ್ನು ಕೈಯಿಂದ ತೂರಿಸಬೇಕು. ಎರಡು ಎಳೆಗಳು ಕೂಡುವಲ್ಲಿ ಕೊಕ್ಕೆಯಂತೆ ಒಂದನ್ನೊಂದು ಹಿಡಿಯುತ್ತವೆ. ಪ್ರತಿ ಎಳೆಗೂ ಹೀಗೇ. ಒಬ್ಬರು ಎದ್ದರೆ ಮಗ್ಗ ನಿಂತಿತು. ಗೋಪುರದ ಅಂಚು, ಮಾವಿನಕಾಯಿ, ನವಿಲು, ರುದ್ರಾಕ್ಷಿ ಬುಟ್ಟಾಗಳೆಲ್ಲ ಈ ತಾಳ್ಮೆಯ ಮೇಲೇ ಅರಳುತ್ತವೆ.

ಆ ಎರಡನೆಯ ಜೋಡಿ ಕೈ ಹೆಚ್ಚಾಗಿ ಮನೆಯ ಹೆಂಗಸಿನದು. ಕಂಡಿಕೆ ಸುತ್ತುವುದು, ಎಳೆ ಕಡಿದರೆ ಗಂಟು ಹಾಕುವುದು, ನಡುವೆ ಒಲೆ ಮೇಲಿನ ಅನ್ನ ನೋಡಿ ಬರುವುದು ಎಲ್ಲವೂ ಅವಳ ಪಾಲು. ಕೂಲಿ ಮಾತ್ರ ಸೀರೆಗೆ ಇಷ್ಟು ಎಂದು ಒಟ್ಟಿಗೆ ಬರುತ್ತದೆ, ಅವಳ ಲೆಕ್ಕ ಅದರೊಳಗೆ ಕರಗಿಹೋಗುತ್ತದೆ. ರೇಷ್ಮೆ, ಜರಿ ಕೊಡುವವರು ಸಾವ್ಕಾರರಾದ ಮೇಲೆ ದರ ಗೊತ್ತು ಮಾಡುವವರೂ ಅವರೇ. ಇಂಥ ಅಂಚಿನ ರೇಷ್ಮೆ ಸೀರೆಗಳನ್ನು 1985ರ ಕಾಯ್ದೆ ಕೈಮಗ್ಗಕ್ಕೇ ಮೀಸಲಿಟ್ಟಿದೆ. 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ಹೆಸರಿಗೆ ರಕ್ಷಣೆ ದೊರೆತದ್ದು ಒಳ್ಳೆಯದೇ. ಆದರೆ ವಿದ್ಯುತ್ ಮಗ್ಗದ ಸೀರೆ ಅದೇ ಹೆಸರಿನಲ್ಲಿ ಅಗ್ಗಕ್ಕೆ ಮಾರಾಟವಾದಾಗ ಕಾಯ್ದೆಯ ಪುಟ ನೇಕಾರನ ಪರವಾಗಿ ಅಂಗಡಿಗೆ ಬಂದು ನಿಲ್ಲುವುದಿಲ್ಲ. ಮಕ್ಕಳು ಬೆಂಗಳೂರಿನ ದಾರಿ ಹಿಡಿದರೆ ಅವರನ್ನು ದೂರುವಂತಿಲ್ಲ. ಹಾಗೆ ಹೊರಟಾಗ ಮೊದಲು ಖಾಲಿಯಾಗುವುದು ಅಂಚಿನ ಲಾಳಿಯ ಜಾಗ.

ಮದುವೆ ಜವಳಿಗೆಂದು ಇಲ್ಲಿಗೆ ಬರುವವರಿಗೆ ನನ್ನದೊಂದು ಕೋರಿಕೆ. ಸೆರಗು ನೋಡಿ ಮರುಳಾಗುವ ಮೊದಲು ಸೀರೆಯ ಒಳಮಗ್ಗುಲು ತಿರುವಿ, ಅಂಚು ಒಡಲಿಗೆ ಕೂಡುವಲ್ಲಿ ಬೆರಳಾಡಿಸಿ. ಎಳೆಗೆ ಎಳೆ ಕೊಕ್ಕೆ ಹಾಕಿದ ಸಣ್ಣ ಏಣು ಕೈಗೆ ಸಿಕ್ಕರೆ ಇಬ್ಬರು ಕೂತು ನೇಯ್ದದ್ದು ಎಂದು ತಿಳಿಯಬಹುದು. ಆಮೇಲೆ ಬೆಲೆ ಕೇಳಿ. ಆ ಬೆಲೆಯಲ್ಲಿ ಪಕ್ಕದಲ್ಲಿ ಕೂತವರ ಪಾಲು ಎಷ್ಟು ಎಂದೂ ಕೇಳಿ.