ಮಳೆನೀರು ಮತ್ತು ಕೋಳಿಯ ಕೊಕ್ಕು

ಕೋಲಾರದ ಕಡೆಯ ಓದುಗರೊಬ್ಬರ ಪ್ರಶ್ನೆ: ‘ಬೋರ್‌ವೆಲ್ ನೀರು ತೀರಾ ಗಡಸು. ಮಳೆನೀರನ್ನು ಡ್ರಮ್ಮಿಗೆ ಹಿಡಿದಿದ್ದೇನೆ. ನಾಟಿಕೋಳಿಗಳಿಗೆ ಕುಡಿಸಬಹುದೇ? ಹೊಸ ಮಳೆಯ ನೀರಿನಿಂದ ಕೊಕ್ಕರೆ ರೋಗ ಬರುತ್ತದೆಂದು ಅಜ್ಜಿ ಬಯ್ಯುತ್ತಾರೆ.’

ಧಾರಾಳವಾಗಿ ಕುಡಿಸಿ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಮೋಡದಿಂದ ಇಳಿಯುವುದಿಲ್ಲ. ಅದಕ್ಕೆ ಕಾರಣ ಒಂದು ವೈರಸ್, ರೋಗ ಹಿಡಿದ ಹಕ್ಕಿಯ ಹಿಕ್ಕೆ, ಸಿಂಬಳಗಳಿಂದ ಹರಡುತ್ತದೆ. ಮಳೆಯನ್ನು ಶಪಿಸಿ, ಸತ್ತ ಕೋಳಿಯನ್ನು ತಿಪ್ಪೆಗೆಸೆಯುವವರೇ ಅದನ್ನು ಊರಿಗೆಲ್ಲ ಹಂಚುವವರು! ಆದರೂ ಅಜ್ಜಿಯ ಅನುಮಾನದಲ್ಲಿ ಹುರುಳಿದೆ. ಬೇಸಿಗೆಯಿಡೀ ಕಾಗೆ, ಪಾರಿವಾಳಗಳು ಮಾಡಿನ ಮೇಲೆ ಹಾಕಿದ ಹಿಕ್ಕೆ ಮೊದಲ ಮಳೆಗೇ ತೊಳೆದು ಬರುತ್ತದೆ, ಜೊತೆಗೆ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾಗಳೂ. ಒಂದು ಚದರ ಮೀಟರ್ ಮಾಡಿನ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 10 ಚದರ ಮೀಟರಿನ ಶೀಟಾದರೆ ಆ ಕೊಳೆ ತೊಳೆದು ತರುವ ಮೊದಲ 20 ಲೀಟರ್ ಹೊರಗೆ ಹರಿಯಲಿ. ಡ್ರಮ್ಮಿಗೆ ಮುಚ್ಚಳ ಇರಲಿ.

ಇಷ್ಟಾದರೆ ಮುಗಿಯಿತೇ? ನಿಮ್ಮ ಕೋಳಿ ನೀರು ಕುಡಿಯುವುದನ್ನು ಸ್ವಲ್ಪ ಹೊತ್ತು ಕೂತು ನೋಡಿ. ಗುಟುಕಿಗೊಮ್ಮೆ ತಲೆಯೆತ್ತುತ್ತದೆ. ಮಳೆ ಕೊಟ್ಟ ದೇವರಿಗೆ ನಮಸ್ಕಾರ ಎಂದು ಮಕ್ಕಳಿಗೆ ಹೇಳುವವರಿದ್ದಾರೆ. ಅಸಲಿಗೆ ಅದಕ್ಕೆ ಬೇರೆ ದಾರಿಯೇ ಇಲ್ಲ! ನಮಗಿರುವಂಥ ಮೃದು ಅಂಗುಳಿಲ್ಲದ ಕೋಳಿ ನೀರನ್ನು ಹೀರಲಾರದು. ಕೆಳಕೊಕ್ಕನ್ನು ಸೌಟಿನಂತೆ ಅದ್ದಿ, ತುಂಬಿಕೊಂಡು, ತಲೆಯೆತ್ತಿ ಗಂಟಲಿಗೆ ಇಳಿಸಿಕೊಳ್ಳುತ್ತದೆ. ಪಕ್ಕದಲ್ಲೇ ಪಾರಿವಾಳ ಕೊಕ್ಕು ಮುಳುಗಿಸಿ ಒಂದೇ ಸಮ ಹೀರುತ್ತಿರುತ್ತದೆ. ನನಗಂತೂ ಈ ಎರಡನ್ನೂ ಒಟ್ಟಿಗೆ ನೋಡುವುದೇ ಒಂದು ಹಬ್ಬ.

ಹೀಗೆ ಅದ್ದಿದಾಗಲೆಲ್ಲ ಕೊಕ್ಕಿಗಂಟಿದ ಹಿಟ್ಟು, ಮಣ್ಣು, ಹಿಕ್ಕೆ ನೀರಿಗೆ ಬೀಳುತ್ತವೆ. ಸಂಜೆಯೊಳಗೆ ತಟ್ಟೆಯ ತಳದಲ್ಲಿ ಲೋಳೆ. ಡ್ರಮ್ಮಿನ ನೀರು ಎಷ್ಟೇ ತಿಳಿಯಾಗಿದ್ದರೂ ತಟ್ಟೆಯನ್ನು ದಿನವೂ ಉಜ್ಜಿ ತೊಳೆಯಲೇಬೇಕು. ಕೋಳಿಯ ಬೆನ್ನಿನ ಎತ್ತರಕ್ಕೆ ಇಟ್ಟರೆ ಕೊಳೆ ಕಡಿಮೆ. ತಗಡಿನ ಪಾತ್ರೆ ಬೇಡ, ಏಕೆಂದರೆ ಮಳೆನೀರು ತುಸು ಆಮ್ಲೀಯ, ಪಿಎಚ್ ಸುಮಾರು 5.6, ತಗಡಿನ ಮೇಲಿನ ಸತುವನ್ನು ಕರಗಿಸಿಕೊಳ್ಳುತ್ತದೆ. ನೆರಳಿನಲ್ಲಿಡಿ. ಬಿಸಿಯೇರಿದ ನೀರನ್ನು ಕೋಳಿ ಮುಟ್ಟುವುದಿಲ್ಲ, ನೀರು ಬಿಟ್ಟ ಕೋಳಿ ಮೊಟ್ಟೆಯನ್ನೂ ಬಿಡುತ್ತದೆ.

ಡ್ರಮ್ಮಿನ ನೀರಿನಲ್ಲಿ ಉಳಿದ ಬ್ಯಾಕ್ಟೀರಿಯಾ ಸಾಯಲು ಸಾವಿರ ಲೀಟರಿಗೆ ಸುಮಾರು 6 ಗ್ರಾಂ ಹೊಸ ಬ್ಲೀಚಿಂಗ್ ಪುಡಿ ಕದಡಿ ರಾತ್ರಿಯಿಡೀ ಬಿಡಿ. ಆದರೆ ರಾಣಿಖೇತ್‌ನ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಡುವುದಿದ್ದರೆ ಎರಡು ದಿನ ಮೊದಲೇ ಬ್ಲೀಚಿಂಗ್ ನಿಲ್ಲಿಸಿ. ಲಸಿಕೆಯಲ್ಲಿರುವುದು ಜೀವಂತ ವೈರಸ್, ಬ್ಲೀಚಿಂಗಿನ ಕ್ಲೋರಿನ್ ಅದನ್ನೂ ಕೊಲ್ಲುತ್ತದೆ. ಬ್ಲೀಚಿಂಗ್ ಸೇರದ ಶುದ್ಧ ಮಳೆನೀರಿಗೆ ಲೀಟರಿಗೆ 2.5 ಗ್ರಾಂ ಕೆನೆರಹಿತ ಹಾಲಿನ ಪುಡಿ ಬೆರೆಸಿ, ಲಸಿಕೆ ಕಲಸಿ, ಬಿಸಿಲೇರುವ ಮೊದಲೇ ಕುಡಿಸಿ. ಅಜ್ಜಿ ಹೆದರುವ ರೋಗವನ್ನು ತಡೆಯುವ ಮದ್ದಿಗೆ ಅವರು ಬೇಡವೆಂದ ನೀರೇ ಒಳ್ಳೆಯದು.