ಪ್ರಯೋಗಾಲಯದ ವರದಿಯನ್ನು ಓದುವ ಬಗೆ
ವಿಶ್ಲೇಷಣಾತ್ಮಕ ರಸಾಯನಶಾಸ್ತ್ರ: ವ್ಯಾಪಾರಿಗಳಿಗೊಂದು ಪರಿಚಯ

ಬೆಳ್ಳಾವಿ ಹೋಬಳಿಯ ತೋಟಗಳ ತೆಂಗು ಕೊಬ್ಬರಿಯಾಗಿ ವ್ಯಾಪಾರಿಯ ಕೈ ಸೇರುವಾಗ ಅದರ ಗುಣಮಟ್ಟವನ್ನು ಅಳೆಯುವುದು ಅನುಭವಸ್ಥರ ಕಣ್ಣು, ಮೂಗು ಮತ್ತು ಬೆರಳು. ತಲೆಮಾರುಗಳಿಂದ ಬಂದ ಈ ವಿದ್ಯೆಯನ್ನು ಕಡೆಗಣಿಸುವಂತಿಲ್ಲ. ಆದರೆ ಅದೇ ಕೊಬ್ಬರಿ ಎಣ್ಣೆಯಾಗಿ ಡಬ್ಬಿ ಸೇರಿದ ಮೇಲೆ ಕಾನೂನು ಕೇಳುವುದು ಪ್ರಯೋಗಾಲಯದ ವರದಿಯನ್ನು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಕಲಂ 51ರ ಪ್ರಕಾರ, ಕಳಪೆ ಗುಣಮಟ್ಟದ ಆಹಾರ ಪದಾರ್ಥಕ್ಕೆ 5 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸಬಹುದು. ಸಣ್ಣ ಗಿರಣಿಯೊಂದರ ವರ್ಷದ ಲಾಭವನ್ನೇ ನುಂಗಬಲ್ಲ ಈ ಮೊತ್ತ, ವರದಿಯಲ್ಲಿನ ಒಂದು ಅಂಕಿಯ ಮೇಲೆ ನಿಂತಿರುತ್ತದೆ. ಆದಕಾರಣ ಆ ಅಂಕಿ ಹೇಗೆ ಹುಟ್ಟುತ್ತದೆ ಎಂಬುದನ್ನು ಅರಿಯುವುದು ಲೆಕ್ಕಪತ್ರವನ್ನು ಅರಿಯುವಷ್ಟೇ ಅವಶ್ಯಕ.

ಏನಿದೆ, ಎಷ್ಟಿದೆ?

ವಿಶ್ಲೇಷಣಾತ್ಮಕ ರಸಾಯನಶಾಸ್ತ್ರವು ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಪದಾರ್ಥದಲ್ಲಿ ಏನಿದೆ ಎಂಬುದು ಗುಣಾತ್ಮಕ ವಿಶ್ಲೇಷಣೆ; ಎಷ್ಟಿದೆ ಎಂಬುದು ಪರಿಮಾಣಾತ್ಮಕ ವಿಶ್ಲೇಷಣೆ. ಎರಡನೆಯದರಲ್ಲಿ ಅತ್ಯಂತ ಸರಳವಾದದ್ದು ತೂಕದ ವಿಧಾನ. ತೇವಾಂಶ ತಿಳಿಯಲು ಮಾದರಿಯನ್ನು ತೂಗಿ, ಸುಮಾರು 105 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಲೆಯಲ್ಲಿ ಒಣಗಿಸಿ, ತೂಕ ಸ್ಥಿರವಾದ ಮೇಲೆ ಮತ್ತೆ ತೂಗುತ್ತಾರೆ. ಇಳಿದ ತೂಕವೇ ತೇವಾಂಶ.

ಇದರ ಆರ್ಥಿಕ ಪರಿಣಾಮ ಚಿಕ್ಕದಲ್ಲ. ಶೇಕಡಾ 10 ತೇವಾಂಶವಿರುವ 100 ಕ್ವಿಂಟಲ್ ಕೊಬ್ಬರಿಯಲ್ಲಿ ಒಣ ಅಂಶ 90 ಕ್ವಿಂಟಲ್ ಮಾತ್ರ. ಅದು ಶೇಕಡಾ 6ಕ್ಕೆ ಒಣಗಿದಾಗ ಒಟ್ಟು ತೂಕ 95.74 ಕ್ವಿಂಟಲಿಗೆ ಇಳಿಯುತ್ತದೆ. ಕ್ವಿಂಟಲಿಗೆ 10,000 ರೂಪಾಯಿ ದರವೆಂದು ಇಟ್ಟುಕೊಂಡರೆ, ಕೊಂಡವರು ಸುಮಾರು 42,500 ರೂಪಾಯಿ ತೆತ್ತು ನೀರನ್ನು ಖರೀದಿಸಿದಂತಾಯಿತು.

ಎಣ್ಣೆಯ ಸಂಖ್ಯೆಗಳು

ಎರಡನೆಯದು ಟೈಟ್ರೇಶನ್ ವಿಧಾನ. ಎಣ್ಣೆಯನ್ನು ಆಲ್ಕೋಹಾಲಿನಲ್ಲಿ ಬೆರೆಸಿ, ಬಣ್ಣ ಬದಲಿಸುವ ಸೂಚಕದ ಹನಿ ಹಾಕಿ, ಬಲ ತಿಳಿದಿರುವ ಕ್ಷಾರ ದ್ರಾವಣವನ್ನು ಬ್ಯೂರೆಟ್ಟಿನಿಂದ ಹನಿಹನಿಯಾಗಿ ಬಿಡುತ್ತಾರೆ. ನಸುಗೆಂಪು ಬಣ್ಣ ನಿಂತೊಡನೆ ಖರ್ಚಾದ ದ್ರಾವಣವನ್ನು ಲೆಕ್ಕ ಹಾಕುತ್ತಾರೆ. ಒಂದು ಗ್ರಾಂ ಎಣ್ಣೆಯ ಬಿಡಿ ಆಮ್ಲವನ್ನು ತಟಸ್ಥಗೊಳಿಸಲು ಎಷ್ಟು ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬೇಕೋ ಅದೇ ಆಮ್ಲ ಸಂಖ್ಯೆ. ತೆಂಗಿನೆಣ್ಣೆಗೆ ಇದು 6ನ್ನು ಮೀರಬಾರದು. ಸರಿಯಾಗಿ ಒಣಗದೆ ಬೂಸ್ಟು ಹಿಡಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿದರೆ ಈ ಅಂಕಿ ಏರುತ್ತದೆ.

ಬೆರಕೆಯನ್ನು ತೋರಿಸುವ ಸಂಖ್ಯೆಗಳು ಬೇರೆ. ತೆಂಗಿನೆಣ್ಣೆಯ ಅಯೋಡಿನ್ ಸಂಖ್ಯೆ 7.5ರಿಂದ 10ರೊಳಗೆ, ಕಡಲೆಕಾಯಿ ಎಣ್ಣೆಯದು 85ರಿಂದ 99ರೊಳಗೆ ಇರಬೇಕು. ಪಾಮೋಲಿನ್ ಎಣ್ಣೆಯದು ಹೆಚ್ಚುಕಡಿಮೆ 58. ಆದ್ದರಿಂದ ತೆಂಗಿನೆಣ್ಣೆಗೆ ಶೇಕಡಾ 10ರಷ್ಟು ಪಾಮೋಲಿನ್ ಬೆರೆತರೆ ಸಂಖ್ಯೆ ಸುಮಾರು 14ಕ್ಕೆ ಏರಿ ಗುಟ್ಟು ರಟ್ಟಾಗುತ್ತದೆ. ಆದರೆ ತಾಳೆ ಬೀಜದ ತಿರುಳಿನ ಎಣ್ಣೆಯ ಅಯೋಡಿನ್ ಸಂಖ್ಯೆ ತೆಂಗಿನೆಣ್ಣೆಗೆ ಹತ್ತಿರ. ಅದರ ಅಲ್ಪ ಬೆರಕೆ ಈ ಪರೀಕ್ಷೆಯನ್ನು ದಾಟಿಬಿಡಬಹುದು. ಅದಕ್ಕಾಗಿಯೇ ಮಾನದಂಡದಲ್ಲಿ ಒಂದರ ಬದಲು ಹಲವು ಸಂಖ್ಯೆಗಳಿವೆ.

ಯಂತ್ರಗಳ ಕಾಲ

ಮೂರನೆಯದು ಉಪಕರಣಗಳ ವಿಧಾನ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಎಲೆಯ ಬಣ್ಣಗಳನ್ನು ಬೇರ್ಪಡಿಸಲು ಕಂಡುಕೊಂಡ ಕ್ರೊಮ್ಯಾಟೋಗ್ರಫಿ ಇಂದು ಎಣ್ಣೆಯ ಕೊಬ್ಬಿನಾಮ್ಲಗಳನ್ನೂ ಕಡಲೆಕಾಯಿಯ ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ನನ್ನೂ ಗುರುತಿಸುತ್ತದೆ. ಈ ವಿಷವನ್ನು ಅಳೆಯುವುದು ಕಿಲೋಗ್ರಾಮಿಗೆ ಇಷ್ಟು ಮೈಕ್ರೋಗ್ರಾಂ ಎಂದು. ಅಂದರೆ ನೂರು ಕೋಟಿಯಲ್ಲಿ ಇಷ್ಟು ಪಾಲು ಎಂದು.

ಯಾವ ವಿಧಾನವೂ ತಾನು ಅಳೆಯುವುದಕ್ಕಿಂತ ಹೆಚ್ಚನ್ನು ಹೇಳಲಾರದು. 1883ರಲ್ಲಿ ಡೆನ್ಮಾರ್ಕಿನ ಬಿಯರ್ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಯೋಹಾನ್ ಕೆಲ್ಡಾಲ್ ರೂಪಿಸಿದ ವಿಧಾನವು ಸಾರಜನಕವನ್ನು ಅಳೆದು, ಅದರಿಂದ ಪ್ರೋಟೀನನ್ನು ಅಂದಾಜು ಮಾಡುತ್ತದೆ. ಚೀನಾದಲ್ಲಿ ನೀರು ಬೆರೆಸಿದ ಹಾಲಿಗೆ ಸಾರಜನಕ ತುಂಬಿರುವ ಮೆಲಮೈನ್ ಸೇರಿಸಿ ಈ ಪರೀಕ್ಷೆಯನ್ನು ವಂಚಿಸಿದ್ದು 2008ರಲ್ಲಿ ಬಯಲಾಯಿತು. ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆರು ಶಿಶುಗಳು ಅಸುನೀಗಿದವು. ಅಳತೆ ಸರಿಯಾಗಿತ್ತು, ಅದರ ಆಧಾರದ ಮೇಲಿನ ನಂಬಿಕೆ ತಪ್ಪಾಗಿತ್ತು.

ಮಾದರಿಯೇ ಮೂಲ

ಪರೀಕ್ಷೆ ಎಷ್ಟೇ ನಿಖರವಾಗಿರಲಿ, ಅದು ತನಗೆ ಬಂದ ಪೊಟ್ಟಣದ ಬಗ್ಗೆ ಮಾತ್ರ ಮಾತನಾಡುತ್ತದೆ. ಅಫ್ಲಾಟಾಕ್ಸಿನ್ ಇಡೀ ರಾಶಿಯಲ್ಲಿ ಸಮನಾಗಿ ಹರಡಿರುವುದಿಲ್ಲ. ಕೆಲವೇ ಬೀಜಗಳಲ್ಲಿ ಅಡಗಿರುತ್ತದೆ. ಮೇಲಿನ ಚೀಲವೊಂದರಿಂದ ಬಾಚಿದ ಹಿಡಿಕಾಳು ಮಳಿಗೆಯ ಪ್ರತಿನಿಧಿಯಾಗಲಾರದು. ಹಲವು ಚೀಲಗಳ ಮೇಲೆ, ನಡುವೆ, ತಳದಿಂದ ತೆಗೆದು, ಚೆನ್ನಾಗಿ ಬೆರೆಸಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಉಳಿಸಿಕೊಳ್ಳುತ್ತಾ ರಾಶಿಯನ್ನು ಕಿರಿದು ಮಾಡುವುದು ಸರಿಯಾದ ಕ್ರಮ.

ವ್ಯಾಪಾರಿಯ ಹಕ್ಕು

ಅಧಿಕಾರಿಗಳು ತೆಗೆದ ಮಾದರಿಯನ್ನೂ ಕಾಯ್ದೆಯ ಕಲಂ 47 ನಾಲ್ಕು ಭಾಗ ಮಾಡಿಸುತ್ತದೆ. ಒಂದು ಭಾಗ ಆಹಾರ ವಿಶ್ಲೇಷಕರಿಗೆ, ಎರಡು ಭಾಗ ನಿಯೋಜಿತ ಅಧಿಕಾರಿಗೆ. ನಾಲ್ಕನೆಯದನ್ನು ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳುಹಿಸುವಂತೆ ವ್ಯಾಪಾರಿ ಕೋರಬಹುದು. ಮಾದರಿ ತೆಗೆಯುವ ಹೊತ್ತಿನಲ್ಲೇ ಇದನ್ನು ಲಿಖಿತವಾಗಿ ಕೇಳುವುದು ಒಳಿತು. ಎರಡು ವರದಿಗಳು ಭಿನ್ನವಾದರೆ ರೆಫರಲ್ ಪ್ರಯೋಗಾಲಯದ ತೀರ್ಮಾನವೇ ಅಂತಿಮ. 1950ರಲ್ಲಿ ಆರಂಭವಾದ ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇಂತಹ ಪ್ರಯೋಗಾಲಯಗಳಲ್ಲೊಂದು. ವಿಶ್ಲೇಷಕರ ವರದಿಯ ವಿರುದ್ಧ ಮೇಲ್ಮನವಿಗೆ ವರದಿ ಕೈಸೇರಿದ ದಿನದಿಂದ 30 ದಿನಗಳ ಅವಧಿಯಿದೆ.

ವರದಿ ಬಂದಾಗ ಫಲಿತಾಂಶದ ಜೊತೆಗೆ ನಾಲ್ಕು ಅಂಶಗಳನ್ನು ಗಮನಿಸಬೇಕು: ಮಾದರಿಯ ಗುರುತು ಮತ್ತು ಬ್ಯಾಚ್ ಸಂಖ್ಯೆ, ಅನುಸರಿಸಿದ ವಿಧಾನ, ಅಳತೆಯ ಘಟಕ, ಹಾಗೂ ಆ ನಿರ್ದಿಷ್ಟ ಪರೀಕ್ಷೆಗೆ ಪ್ರಯೋಗಾಲಯಕ್ಕೆ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದು. ಪ್ರತಿ ಬ್ಯಾಚಿನ ವರದಿಯನ್ನು ಖರೀದಿ ಬಿಲ್ಲಿನೊಂದಿಗೆ ಒಂದೇ ಕಡತದಲ್ಲಿ ಇಡುವುದು ಉತ್ತಮ ಪದ್ಧತಿ. ವಿವಾದ ಎದ್ದ ದಿನ ಸರಕು ಮಾರಿಹೋಗಿರುತ್ತದೆ. ವ್ಯಾಪಾರಿಯ ಪರವಾಗಿ ಮಾತನಾಡಲು ಉಳಿಯುವುದು ಆ ಕಾಗದವೊಂದೇ.